ಅಮ್ಮ ಮನೆ ಬಿಟ್ಟು ಬರಲ್ಲ ಅಂತಾರೆ, "ಗುರುಕಾರೋಣ (ಮನೆತನದ ಮೂಲಪುರುಷ) ಇದ್ದಾರೆ" ಅಂತ. ದೇವರನ್ನ ನಂಬೋದು ಅಂದ್ರೆ ಇದೇನಾ?

ಮಕ್ಕಂದೂರು_ಮಗ · ಜೂನ್ 11, ರಾತ್ರಿ 10:42

ಎಲ್ರಿಗೂ ನಮಸ್ಕಾರ. ನಾನು ಬರೆಯೋನಲ್ಲ, ಓದ್ಕೊಂಡು ಹೋಗೋ ಜಾತಿ. ಇವತ್ತು ಅಮ್ಮನ ಹತ್ರ ಫೋನಲ್ಲಿ ಜಗಳ ಆಡಿ ಇಟ್ಟೆ, ನಿದ್ದೆ ಬರ್ತಿಲ್ಲ, ಅದಕ್ಕೆ ಇಲ್ಲಿ ಹಾಕ್ತಿದೀನಿ.

ನಮ್ಮನೆ ಕೊಡಗಿನ ಮಕ್ಕಂದೂರು ಕಡೆ. 2018ರ ಆಗಸ್ಟ್‌ನ ಗುಡ್ಡ ಕುಸಿತ ಅಂದ್ರೆ ಇಲ್ಲಿರೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಆವತ್ತು ಬೆಳಿಗ್ಗೆ ಅಪ್ಪ ದಿನಾ ಮಾಡೋ ಹಾಗೆ ದೀಪ ಹಚ್ಚಿ, ಅಂಗಳಕ್ಕೆ ಇಳಿದು ರೈನ್ ಗೇಜ್ ನೋಡ್ಕೊಂಡು, ಡೈರಿಲಿ ಬರೆಯೋಕೆ ಅಂತ ಒಳಗೆ ಬಂದು ಪೆನ್ ಹುಡುಕ್ತಾ ಇದ್ರು, ಅಷ್ಟರಲ್ಲಿ ತಲೆ ಮೇಲೆ ಹೆಲಿಕಾಪ್ಟರ್ ಬಂದ ಹಾಗೆ ಶಬ್ದ, ಆಮೇಲೆ ಹಸಿ ಮಣ್ಣಿನ ವಾಸನೆ, ಗದ್ದೆ ಉಳುವಾಗ ಬರುತ್ತಲ್ಲ ಅದೇ ವಾಸನೆ ಆದ್ರೆ ನೂರು ಪಟ್ಟು. ಆ ಡೈರಿ ಇನ್ನೂ ಇದೆ. ಆ ದಿನದ ಪುಟದಲ್ಲಿ ತಾರೀಕು ಬರೆದಿದ್ದಾರೆ, ಇಂಚು ಬರೆದಿಲ್ಲ.

2 ಎಕರೆ ರೋಬಸ್ಟಾ ಕಾಫಿ, ಕೊಟ್ಟಿಗೆ, ಒರತೆಯಿಂದ ಎಳೆದಿದ್ದ ಪೈಪು ಎಲ್ಲ ಹೋಯ್ತು. ಮನೆ ಉಳೀತು. ಅಂಗಳದ ಅಂಚಿಂದ 30 ಅಡಿ ಆಚೆ ಮಣ್ಣು ನಿಂತಿತ್ತು. ಅಮ್ಮನ ವಾದ ಎಲ್ಲ ಆ 30 ಅಡಿ ಮೇಲೇ ನಿಂತಿರೋದು. "ಆ ಮೂವತ್ತಡಿ ಯಾರು ನಿಲ್ಸಿದ್ದು ಹೇಳು" ಅಂತ ಕೇಳ್ತಾರೆ, ನನ್ನ ಹತ್ರ ಉತ್ತರ ಇಲ್ಲ. ಆದ್ರೆ ನಮ್ಮ ಕೆಳಗಿನ ಮನೆಯವರು ಕೂಡ ದಿನಾ ದೀಪ ಹಚ್ತಾ ಇದ್ರಲ್ವಾ, ನಮಗಿಂತ ಒಂದು ಕೈ ಜಾಸ್ತಿನೇ ದೇವ್ರು ದಿಂಡ್ರು ಅಂತ ಇದ್ದೋರು, ಅವರ ಮನೆ ಅಡಿಪಾಯ ಸಮೇತ ಹೋಯ್ತು. ಹಿಂದಿನ ಸಂಜೆನೇ ಎದ್ದು ಬಂದಿದ್ದಕ್ಕೆ ಜೀವ ಉಳೀತು ಅಷ್ಟೆ.

ಅಪ್ಪ ಹೋಗಿ ಎರಡು ವರ್ಷ ಆಯ್ತು. ಅಪ್ಪ ಇದ್ದಾಗ ಮಳೆಗಾಲದಲ್ಲಿ ಇಬ್ರೂ ಕುಶಾಲನಗರದಲ್ಲಿ ಅಣ್ಣನ ಮನೆಗೆ ಬರ್ತಿದ್ರು. ಈ ಸಲ ಮೇ ಕೊನೆಗೇ ಮಳೆ ಹಿಡ್ಕೊಂಡಿದೆ, ಪಂಚಾಯತಿಯವರು ಬಂದು ಹೇಳಿ ಹೋಗಿದ್ದಾರೆ, ಅಮ್ಮ ಮಾತ್ರ ಬರಲ್ಲ ಅಂತಾರೆ. "ದೀಪ ಬಿಟ್ಟು ಎಲ್ಲಿಗೆ ಬರೋದು, ಗುರುಕಾರೋಣ ಇದ್ದಾರೆ, ಇಗ್ಗುತಪ್ಪ ಇದ್ದಾನೆ, ನಿಂಗೆ ನಂಬಿಕೆ ಇಲ್ಲ ಅಷ್ಟೇ." ನಂಗೆ ನಂಬಿಕೆ ಇದೆ. ಬೆಂಗಳೂರಲ್ಲಿ ಕೂತ್ಕೊಂಡು ದಿನಾ ರಾತ್ರಿ ನಮ್ಮ ಮಳೆ ದೇವರು ಇಗ್ಗುತಪ್ಪನಿಗೆ ಕೈ ಮುಗಿದೇ ಮಲಗೋದು. ಆದ್ರೆ ನಂಬಿಕೆ ಅಂದ್ರೆ ಗುಡ್ಡದ ಕೆಳಗೆ ಮಲಗೋದಾ? ಹಿರಿಯರು ಯಾರಾದ್ರೂ ಹೇಳಿ.


ಕಾಫಿತೋಟ_72 · ಜೂನ್ 11, ರಾತ್ರಿ 11:05

ಮೊದಲು ಒಂದು ಕೆಲಸ ಮಾಡು. ನಾಳೆ ಬೆಳಿಗ್ಗೆ ಫೋನ್ ಮಾಡಿ ಒರತೆ ನೀರು ಯಾವ ಬಣ್ಣ ಉಂಟು ಅಂತ ಕೇಳು. ತಿಳಿ ನೀರು ಇದ್ದಕ್ಕಿದ್ದ ಹಾಗೆ ಕೆಂಪಾದ್ರೆ, ಅಥವಾ ಇಂಥ ಮಳೆಯಲ್ಲೂ ಒರತೆ ನಿಂತು ಹೋದ್ರೆ, ಅಥವಾ ಬಾಗಿಲು ಚೌಕಟ್ಟಿಗೆ ಸಿಕ್ಕಿ ಹಾಕ್ಕೊಳ್ಳೋಕೆ ಶುರು ಆದ್ರೆ, ಮರ ಕರೆಂಟ್ ಕಂಬ ಓರೆ ಆದ್ರೆ, ಆಗ ಚರ್ಚೆ ಗಿರ್ಚೆ ಎಂತದೂ ಬೇಡ, ಹೊತ್ಕೊಂಡು ಬಾ. ದೇವರ ವಿಷಯ ಆಮೇಲೆ ಮಾತಾಡುವ.


ಮಕ್ಕಂದೂರು_ಮಗ · ಜೂನ್ 11, ರಾತ್ರಿ 11:12

ಕೇಳ್ತೀನಿ ಅಂಕಲ್. ಥ್ಯಾಂಕ್ಸ್.


ಸುಮ್ನೆ_ಒಬ್ಬ · ಜೂನ್ 11, ರಾತ್ರಿ 11:20

ಒಬ್ಬ ಭಕ್ತ ಇದ್ನಂತೆ, ಪ್ರವಾಹ ಬಂತಂತೆ, ದೋಣಿ ಬಂದ್ರೂ ಹತ್ತಲಿಲ್ವಂತೆ, ಹೆಲಿಕಾಪ್ಟರ್ ಬಂದ್ರೂ ಹತ್ತಲಿಲ್ವಂತೆ, ಸತ್ತು ಮೇಲೆ ಹೋಗಿ ದೇವರನ್ನ ಕೇಳಿದ್ರೆ…


ಹಾರಂಗಿ_ಹುಡುಗಿ · ಜೂನ್ 11, ರಾತ್ರಿ 11:22

ಅಯ್ಯೋ ಆ ಜೋಕ್ ಬೇಡ ದಯವಿಟ್ಟು. 2018ರಿಂದ ವಾಟ್ಸಾಪಲ್ಲಿ ನೂರು ಸಲ ಬಂದಿದೆ. ಅಮ್ಮಂದ್ರಿಗೆ ಅದನ್ನ ಹೇಳಿದ್ರೆ "ನಮ್ಮನೆಗೆ ಯಾವ ದೋಣಿ ಬಂತು" ಅಂತ ಕೇಳ್ತಾರೆ.


ನಾಸ್ತಿಕ_ನಲವತ್ತು · ಜೂನ್ 12, ಬೆಳಿಗ್ಗೆ 7:50

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿದಾಗ ಯಾರ ಮನೆ ಮೇಲೆ ಬಿತ್ತು? ಕಾವೇರಿ ತಾಯಿ ಪೂಜೆ ಮಾಡ್ತಿದ್ದ ಪ್ರಧಾನ ಅರ್ಚಕರ ಮನೆ ಮೇಲೆ. ಅವರಿಗಿಂತ ದೇವರಿಗೆ ಹತ್ತಿರ ಇದ್ದೋರು ಕೊಡಗಲ್ಲಿ ಯಾರಿದ್ರು? ದೇವರು ಸೆಕ್ಯುರಿಟಿ ಕೊಡೋದಾಗಿದ್ರೆ ಅಲ್ಲೇ ಕೊಡ್ಬೇಕಿತ್ತು. ಭೂವೈಜ್ಞಾನಿಕ ಸರ್ವೇಕ್ಷಣೆಯವರು 2018ರಲ್ಲೇ ಬಂದು ನೋಡಿ ಹೇಳಿದಾರೆ, ಮಳೆ ಒಂದೇ ಕಾರಣ ಅಲ್ಲ, ರಸ್ತೆಗೆ ಮನೆಗೆ ರೆಸಾರ್ಟಿಗೆ ಅಂತ ಗುಡ್ಡದ ಬುಡ ನೆಟ್ಟಗೆ ಕಡಿದಿದ್ದು, ನೀರು ಹೋಗೋ ದಾರಿ ಮುಚ್ಚಿದ್ದು ಅಂತ. ಜೆಸಿಬಿ ಓಡಿಸೋವಾಗ ಯಾರೂ ದೇವರನ್ನ ಕೇಳಲ್ಲ, ಗುಡ್ಡ ಬರೋವಾಗ ಮಾತ್ರ ಕೇಳ್ತಾರೆ.


ಭಾಗಮಂಡಲ_ಮೋಡ · ಜೂನ್ 12, ಬೆಳಿಗ್ಗೆ 8:31

ಆ ಕುಟುಂಬದ ವಿಷಯವನ್ನ ವಾದ ಗೆಲ್ಲೋಕೆ ಬಳಸ್ಬೇಡಿ ಸಾರ್. ನಾವು ಅಲ್ಲಿಯವರು. ಆ ದಿನಗಳಲ್ಲಿ ಮಂಜು ಎಷ್ಟಿತ್ತು ಅಂದ್ರೆ ಹುಡುಕೋಕೆ ಹೋದವರಿಗೆ ಹತ್ತಡಿ ಮುಂದೆ ಕಾಣ್ತಿರಲಿಲ್ಲ. ಇನ್ನು ಜೆಸಿಬಿ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ, ಅದರಲ್ಲಿ ತಕರಾರಿಲ್ಲ.

ನೀವು ಕೇಳಿದ ಪ್ರಶ್ನೆ ನಾನೂ ಕೇಳ್ಕೊಂಡಿದೀನಿ. ಆ ವರ್ಷ ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ ಬಂತು, ತೀರ್ಥೋದ್ಭವ ಆಯ್ತು, ಕೊರೊನಾ ಅಂತ ಜನ ಕಮ್ಮಿ. ನಮ್ಮಜ್ಜಿ ಮನೇಲೇ ಕಾವೇರಮ್ಮ ಅಂತ ಕಣಿ ಇಟ್ರು, ತೆಂಗಿನಕಾಯಿಗೆ ಕೆಂಪು ರೇಷ್ಮೆ ಸುತ್ತಿ ತಮ್ಮ ಪತ್ತಾಕ್ ಸರ ಹಾಕಿ ಅಲಂಕಾರ ಮಾಡಿ. ಕೇಳಿದೆ, ಅಜ್ಜಿ, ಕಾವೇರಮ್ಮ ತನ್ನ ಪೂಜೆ ಮಾಡೋರನ್ನೇ ಉಳಿಸಲಿಲ್ಲ, ನೀನ್ಯಾಕೆ ಇಡ್ತೀಯ ಅಂತ. ಅಜ್ಜಿಗೆ ಸಿಟ್ಟು ಬರುತ್ತೆ ಅಂದ್ಕೊಂಡಿದ್ದೆ. ಬರಲಿಲ್ಲ. "ಅವಳ ಹತ್ರ ನಂಗೆ ಬೇಜಾರಿದೆ. ಬೇಜಾರಿದೆ ಅಂತ ಮಗಳನ್ನ ಮನೆಗೆ ಕರೆಯದೇ ಇರ್ತಾರಾ?" ಅಂದ್ರು. ಇದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ, ಗೊತ್ತು. ಆದ್ರೆ ಲಾಭ ಇಲ್ದೇ ಇದ್ರೂ ಜನ ಯಾಕೆ ಬಿಡಲ್ಲ ಅಂತ ನಂಗೆ ಆವತ್ತು ಸ್ವಲ್ಪ ಅರ್ಥ ಆಯ್ತು.


ನಾಸ್ತಿಕ_ನಲವತ್ತು · ಜೂನ್ 12, ಬೆಳಿಗ್ಗೆ 8:44

ಆ ಉದಾಹರಣೆ ತಗೊಂಡಿದ್ದು ತಪ್ಪಾಯ್ತು, ಸಾರಿ. ಉಳಿದಿದ್ದಕ್ಕೆ ನಿಲ್ತೀನಿ.


ಮೂರ್ನಾಡು_ಮಾವ · ಜೂನ್ 12, ಬೆಳಿಗ್ಗೆ 10:15

ದೇವರ ಹತ್ರ ಬೇಜಾರಿರೋದು ನಮ್ಮಲ್ಲಿ ಹೊಸದಲ್ಲ. ದೇವರಪುರದ ಕುಂಡೆ ಹಬ್ಬ ನೋಡಿಲ್ವಾ ನೀವೆಲ್ಲ? ಹೋದ ತಿಂಗಳು ತಾನೆ ಆಯ್ತು. ಯರವರು, ಕುರುಬರು, ಗಂಡಸರು ಸೀರೆ ಉಟ್ಕೊಂಡು, ಮುಖಕ್ಕೆ ಬಣ್ಣ ಬಳ್ಕೊಂಡು, ಗೋಣಿಕೊಪ್ಪ ಪೇಟೇಲಿ ಡಬ್ಬ ಬಡ್ಕೊಂಡು ದೇವರಿಗೆ ಬಯ್ಕೊಂಡು ಬರ್ತಾರೆ. ಬೇಟೆಗೆ ಅಂತ ಕರ್ಕೊಂಡು ಹೋದ ಅಯ್ಯಪ್ಪ ಭದ್ರಕಾಳಿಯನ್ನ ನೋಡಿದ್ದೇ ಇವರನ್ನ ಕಾಡಲ್ಲಿ ಬಿಟ್ಟು ಅವಳ ಹಿಂದೆ ಹೋದ ಅಂತ ಕತೆ. ನಡು ಕಾಡಲ್ಲಿ ಕೈ ಬಿಟ್ಟ ದೇವರು! ಅದಕ್ಕೆ ವರ್ಷಕ್ಕೊಂದು ದಿನ ಬಾಯಿಗೆ ಬಂದ ಹಾಗೆ ಬಯ್ದು, ಸಂಜೆ ಅದೇ ದೇವಸ್ಥಾನದ ಮುಂದೆ ತಪ್ಪಾಯ್ತು ಅಂತ ಕಾಣಿಕೆ ಹಾಕಿ ಮನೆಗೆ ಹೋಗ್ತಾರೆ. ನಂಬಿಕೆ ಇಲ್ದೇ ಇದ್ದೋನು ಬಯ್ಯೋಕೂ ಹೋಗಲ್ಲ ಮಾರಾಯ್ರೆ.

ಇನ್ನು ಹುಡುಗನ ಪ್ರಶ್ನೆಗೆ ಬರ್ತೀನಿ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಗದ್ದೆಯಿಂದ ಭತ್ತದ ಕದಿರು ತೆಗೀವಾಗ ನಾವು ಏನು ಕೂಗ್ತೀವಿ? "ಪೊಲಿ ಪೊಲಿ ದೇವಾ." ಪೊಲಿ ಅಂದ್ರೆ ಹೆಚ್ಚಲಿ, ಹೆಚ್ಚಲಿ ಅಂತ. ಕಾಪಾಡು ಅಂತಲ್ಲ, ಹೆಚ್ಚಿಸು ಅಂತ. ಆದ್ರೆ ಅದನ್ನ ಕೂಗೋದು ಯಾವಾಗ? ಉತ್ತು, ಅಗೆ ಹಾಕಿ, ನಾಟಿ ಮಾಡಿ, ಆನೆ ಹಂದಿ ಕಾದು, ಬೆಳೆ ನಿಂತ ಮೇಲೆ. ಇಗ್ಗುತಪ್ಪನ ಸನ್ನಿಧಿಯಲ್ಲಿ ದಿನ ಗೊತ್ತು ಮಾಡ್ತಾರೆ ಸರಿ, ರೋಹಿಣಿ ನಕ್ಷತ್ರ, ಹುಣ್ಣಿಮೆ ನೋಡಿ ಗಳಿಗೆ ಇಡ್ತಾರೆ ಅದೂ ಸರಿ, ಆದ್ರೆ ಪಾಳು ಬಿಟ್ಟ ಗದ್ದೇಲಿ ನಿಂತು ಪೊಲಿ ಪೊಲಿ ಅಂದ್ರೆ ಎಲೆಗಳ ಜೊತೆ ಸೇರಿಸಿ ನೆರೆ ಕಟ್ಟೋಕೆ ಕದಿರೆಲ್ಲಿಂದ ಬರುತ್ತೆ? ಈಗ ಅರ್ಧ ಕೊಡಗಿನ ಗದ್ದೆ ಪಾಳು, ಪಕ್ಕದವರ ಗದ್ದೆಗೆ ಹೋಗಿ ಕದಿರು ತರ್ತೀವಿ, ಅದು ಬೇರೆ ಕತೆ.


ಕಾಫಿತೋಟ_72 · ಜೂನ್ 12, ಮಧ್ಯಾಹ್ನ 1:30

ಮಾವ ಹೇಳಿದ್ದು ಓದಿ ನಮ್ಮಪ್ಪ ನೆನಪಾದ್ರು. ನಮ್ಮದು ರೋಬಸ್ಟಾ. ಮಾರ್ಚಲ್ಲಿ ಹೂ ಅರಳಿಸೋ ಹೂಮಳೆ ಬರ್ಬೇಕು, ಆಮೇಲೆ ಎರಡು ಮೂರು ವಾರಕ್ಕೆ ಕಾಯಿ ಕಟ್ಟೋಕೆ ಬ್ಯಾಕಿಂಗ್ ಮಳೆ. ಅಪ್ಪನ ಕಾಲದಲ್ಲಿ ಫೆಬ್ರವರಿ ಕೊನೆಯಿಂದ ಆಕಾಶ ನೋಡ್ಕೊಂಡು ಕೂರೋದು, ಕಕ್ಕಬ್ಬೆಗೆ ಹೋಗಿ ಇಗ್ಗುತಪ್ಪನಿಗೆ ಹರಕೆ ಹೊತ್ತು ಬರೋದು, ಮಳೆ ದೇವರಲ್ವಾ. ನಾನು ಬ್ಯಾಂಕ್ ಸಾಲ ಮಾಡಿ ಸ್ಪ್ರಿಂಕ್ಲರ್ ಹಾಕಿಸ್ದೆ. ಮೊದಲ ವರ್ಷ ನಮ್ಮ ತೋಟ ಮಾತ್ರ ಮಲ್ಲಿಗೆ ಚೆಲ್ಲಿದ ಹಾಗೆ ಬಿಳಿ, ಆ ಕಡೆ ಈ ಕಡೆ ಹಸಿರು. ನಂಗೆ ಸ್ವಲ್ಪ ತಲೆಗೇರಿತ್ತು, ಒಪ್ಕೊಳ್ತೀನಿ. ಅಪ್ಪ ಅವತ್ತೂ ಕಕ್ಕಬ್ಬೆಗೆ ಹೊರಟ್ರು, "ಇನ್ನೂ ಎಂತಕ್ಕೆ ಅಪ್ಪ" ಅಂದೆ. ಅವರು ಚಪ್ಪಲಿ ಹಾಕ್ಕೊಳ್ತಾ "ಕೆರೆಗೆ ನೀರು ನಿನ್ನ ಮೋಟ್ರು ತರುತ್ತಾ" ಅಂತ ಕೇಳಿ ಹೋದ್ರು.

2023ರಲ್ಲಿ ಮಳೆ ಕೈ ಕೊಡ್ತು, 2024ರ ಬೇಸಿಗೇಲಿ ಕೆರೆ ತಳ ಕಾಣಿಸ್ತು. ಪೈಪಿದೆ, ಮೋಟ್ರಿದೆ, ಡೀಸೆಲ್ ಇದೆ, ನೀರಿಲ್ಲ. ಕೆರೆ ಮಧ್ಯದಲ್ಲಿ ಬಿರುಕು ಬಿಟ್ಟ ಕೆಸರ ಮೇಲೆ ನಿಂತ್ಕೊಂಡು ಅಪ್ಪನ ಆ ಮಾತು ನೆನಪಾಗಿ ಒಬ್ನೇ ನಕ್ಕೆ. ಹಾಗಂತ ಸ್ಪ್ರಿಂಕ್ಲರ್ ಮಾರಲಿಲ್ಲ. ಕೆರೆ ಹೂಳು ತೆಗೆಸ್ದೆ. ಕಕ್ಕಬ್ಬೆಗೂ ಹೋಗಿ ಬಂದೆ.


ಲೈನ್‌ಮನೆ_ಸಿಸ್ಟರ್ · ಜೂನ್ 12, ಸಂಜೆ 6:40

ನಾನು ಸಿದ್ದಾಪುರ ಕಡೆಯವಳು, ಅಪ್ಪ ಅಮ್ಮ ತೋಟದ ಲೈನಲ್ಲಿ (ಕೂಲಿಯವರ ಸಾಲು ಮನೆ) ಇದ್ದವರು, ನಾವು ಕ್ರಿಶ್ಚಿಯನ್ಸ್. ಈ ವಿಷಯಕ್ಕೆ ನಮ್ಮಲ್ಲಿ ತುಂಬ ಹೇಳೋ ವಾಕ್ಯ ಯೆರೆಮೀಯ 17ರಲ್ಲಿದೆ, ದೇವರಲ್ಲಿ ಭರವಸೆ ಇಟ್ಟವನು ನೀರಿನ ಪಕ್ಕ ನೆಟ್ಟ ಮರದ ಹಾಗೆ, ಬಿಸಿಲು ಬಂದ್ರೂ ಹೆದರಲ್ಲ, ಎಲೆ ಹಸಿರಾಗೇ ಇರುತ್ತೆ, ಬರಗಾಲದಲ್ಲೂ ಫಲ ಕೊಡೋದು ನಿಲ್ಲಿಸಲ್ಲ ಅಂತ. ಚಿಕ್ಕವಳಿದ್ದಾಗ ಸಂಡೇ ಸ್ಕೂಲಲ್ಲಿ ಬಾಯಿಪಾಠ ಮಾಡಿಸಿದ್ರು.

2019ರ ಆಗಸ್ಟಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆ ಬದಿ ಮನೆಗಳೆಲ್ಲ ನೀರಲ್ಲಿ. ನಮ್ಮ ಸಂಬಂಧಿಕರ ಮನೆನೂ ಹೋಯ್ತು. ಕ್ಯಾಂಪಲ್ಲಿ ಒಂದು ರಾತ್ರಿ ಪ್ರಾರ್ಥನೆ ಮಾಡ್ತಾ ಒಬ್ಬರು ಇದೇ ವಾಕ್ಯ ಓದಿದ್ರು, "ನೀರಿನ ಪಕ್ಕ ನೆಟ್ಟ ಮರ" ಅಂತ ಬಂದಿದ್ದೇ ಚಿಕ್ಕಮ್ಮ ಜೋರಾಗಿ ನಕ್ಬಿಟ್ರು. "ನೀರಿನ ಪಕ್ಕ ಇದ್ದಿದ್ದಕ್ಕೇ ಅಲ್ವಾ ಇಲ್ಲಿ ಬಂದು ಬಿದ್ದಿರೋದು" ಅಂತ. ಓದ್ತಾ ಇದ್ದೋರೂ ನಕ್ಕು, ಆಮೇಲೆ ಕೆಲವರು ಅತ್ರು.

ಆಮೇಲೆ ಯೋಚನೆ ಮಾಡ್ದೆ. ಅದನ್ನ ಬರೆದಿದ್ದು ಒಣ ದೇಶದಲ್ಲಿ. ಅಲ್ಲಿ ಹೆದರಿಕೆ ಅಂದ್ರೆ ಬಿಸಿಲು, ಆಸರೆ ಅಂದ್ರೆ ನೀರು. ನಮಗಿಲ್ಲಿ ಉಲ್ಟಾ, ನೀರೇ ಹೆದರಿಕೆ. ಅದೇ ಪ್ರವಾದಿ ಕೊಡಗಲ್ಲಿ ಹುಟ್ಟಿದ್ರೆ ಬೇರೆ ಮರ ಹೇಳ್ತಿದ್ರೇನೋ, ಗುಡ್ಡ ಹಿಡ್ಕೊಂಡು ನಿಂತಿರೋ ಹಳೇ ಬಳಂಜಿ ಮರ ತರ. ಆದ್ರೆ ಒಂದು ಗಮನಿಸಿ, ಆ ವಾಕ್ಯದಲ್ಲಿ ಬಿಸಿಲು ಬರಲ್ಲ ಅಂತ ಎಲ್ಲೂ ಇಲ್ಲ. ಬಿಸಿಲು ಬರುತ್ತೆ, ಬರಗಾಲದ ವರ್ಷನೂ ಬರುತ್ತೆ.

ಇನ್ನೊಂದು, ಆಶೀರ್ವಾದ ಅನ್ನೋ ಪದದ ಬಗ್ಗೆ. ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಹತ್ತು ಸಾವಿರ ರೂಪಾಯಿ ದಾಟಿದಾಗ ನಮ್ಮ ಊರಲ್ಲಿ ಎಲ್ಲ ದೇವರ ಆಶೀರ್ವಾದ ದೇವರ ಆಶೀರ್ವಾದ ಅಂದ್ರು. ಹೊಸ ಜೀಪು ಬಂತು, ಮದುವೆ ಜೋರಾಯ್ತು. ಕುಯ್ದವರ ಕೂಲಿ ಮೂಟೆ ರೇಟಿನ ಜೊತೆ ಏರಲಿಲ್ಲ. ಹಾಗಾದ್ರೆ ನಮ್ಮಮ್ಮನಿಗೆ ಆಶೀರ್ವಾದ ತಪ್ಪಿ ಹೋಯ್ತಾ? ಯಾರನ್ನೂ ಚುಚ್ಚೋಕೆ ಹೇಳ್ತಿಲ್ಲ. ಸ್ವಲ್ಪ ಚುಚ್ತಿದೀನಿ.


ಕಾಫಿತೋಟ_72 · ಜೂನ್ 12, ಸಂಜೆ 7:02

ತಗಲಿತು ಸಿಸ್ಟರ್. ಜೀಪು ತಗೊಂಡಿಲ್ಲ ಆದ್ರೆ ತಗಲಿತು.


ಎಮ್ಮೆಮಾಡು_ರಸ್ತೆ · ಜೂನ್ 12, ರಾತ್ರಿ 9:10

ನಮ್ಮಲ್ಲಿ ಒಂದು ಹದೀಸ್ ಎಲ್ರಿಗೂ ಗೊತ್ತಿರೋದು. ಒಬ್ಬ ಬಂದು ಪ್ರವಾದಿಯವರನ್ನ ಕೇಳ್ತಾನೆ, ಒಂಟೆ ಕಟ್ಟಿ ಹಾಕಿ ಅಲ್ಲಾಹನ ಮೇಲೆ ಭರವಸೆ ಇಡ್ಲಾ, ಬಿಟ್ಟು ಭರವಸೆ ಇಡ್ಲಾ ಅಂತ. ಕಟ್ಟು, ಆಮೇಲೆ ಭರವಸೆ ಇಡು ಅಂದ್ರು. ಅಷ್ಟೇ. ನಾನು ಡ್ರೈವರ್, ಗಾಡಿ ಹ್ಯಾಂಡ್‌ಬ್ರೇಕ್ ಹಾಕಿ ಬಿಸ್ಮಿಲ್ಲಾ ಅಂತೀನಿ. ಸಂಪಾಜೆ ಘಾಟಲ್ಲಿ ಹ್ಯಾಂಡ್‌ಬ್ರೇಕ್ ಜೊತೆ ಚಕ್ರಕ್ಕೆ ಕಲ್ಲೂ ಇಡ್ತೀನಿ.


ಸಂಸ್ಕೃತ_ಮೇಷ್ಟ್ರು · ಜೂನ್ 12, ರಾತ್ರಿ 9:48

ಗೀತೆ 9ನೇ ಅಧ್ಯಾಯ 22ನೇ ಶ್ಲೋಕದಲ್ಲಿ ಯೋಗಕ್ಷೇಮವನ್ನು ನಾನು ಹೊರುತ್ತೇನೆ ಅಂತ ಕೃಷ್ಣ ಹೇಳ್ತಾನೆ. ಇಲ್ಲಿ ಯೋಗ ಅಂದ್ರೆ ಇಲ್ಲದ್ದು ಸಿಗೋದು, ಕ್ಷೇಮ ಅಂದ್ರೆ ಸಿಕ್ಕಿದ್ದು ಉಳಿಯೋದು. ಮೂರ್ನಾಡು ಮಾವನ ಪೊಲಿ ಯೋಗ, ಹುಡುಗನ ಅಮ್ಮನ ಮೂವತ್ತಡಿ ಕ್ಷೇಮ. ಆದರೆ ಆ ಮಾತು ಕೇಳಿಸ್ಕೊಂಡವನು ಯುದ್ಧಭೂಮಿಯ ಮಧ್ಯೆ ನಿಂತಿದ್ದ ಅನ್ನೋದು ಮರೀಬಾರದು. ಯೋಗಕ್ಷೇಮ ನಾನು ನೋಡ್ಕೋತೀನಿ, ನೀನು ರಥದಲ್ಲಿ ಮಲಗು ಅಂತ ಹೇಳಿಲ್ಲ.


ಹಾರಂಗಿ_ಹುಡುಗಿ · ಜೂನ್ 12, ರಾತ್ರಿ 10:20

ಎಲ್ಲ ಚೆನ್ನಾಗಿದೆ, ಆದ್ರೆ ಇದ್ಯಾವುದೂ ಅಮ್ಮನಿಗೆ ಹೇಳೋಕಾಗಲ್ಲ. ಶ್ಲೋಕ ಹೇಳಿದ್ರೆ "ನಂಗೆ ಪಾಠ ಮಾಡ್ತೀಯಾ" ಅಂತಾರೆ. ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಿ. ಅಮ್ಮ ಹೇಳ್ತಿರೋದು "ದೀಪ ಬಿಟ್ಟು ಎಲ್ಲಿಗೆ ಬರೋದು" ಅಂತ. ಅಂದ್ರೆ ದೀಪ ಜೊತೆಗೆ ತರಬಹುದಾ ಅನ್ನೋದೇ ಪ್ರಶ್ನೆ. 2018ರಲ್ಲಿ ಮನೆ ಬಿಟ್ಟು ಪುನರ್ವಸತಿ ಲೇಔಟಿಗೆ ಹೋದ ಎಷ್ಟೋ ಕುಟುಂಬ ಇದೆ. ಅವರು ಕಾರೋಣನ ದೀಪ ಏನು ಮಾಡಿದ್ರು? ಗೊತ್ತಿರೋರು ಹೇಳಿ.

(ಅಂದ ಹಾಗೆ ಕುಶಾಲನಗರ ಸೇಫ್ ಅಂತ ತಿಳ್ಕೊಂಡಿರೋರಿಗೆ, ನದಿ ಪಕ್ಕದ ಬಡಾವಣೆಗಳಲ್ಲಿ 2018, 2019 ಎರಡೂ ವರ್ಷ ನೀರು ನುಗ್ಗಿದೆ. ಅಣ್ಣನ ಮನೆ ಎಲ್ಲಿ ಅಂತ ನೋಡ್ಕೊಳ್ಳಿ.)


ಮಕ್ಕಂದೂರು_ಮಗ · ಜೂನ್ 12, ರಾತ್ರಿ 10:31

ಅಣ್ಣನ ಮನೆ ಮೇಲಿನ ಕಡೆ, ನೀರು ಬರಲ್ಲ. ದೀಪದ ವಿಷಯ ಯಾರಾದ್ರೂ ಹೇಳಿ ಪ್ಲೀಸ್. ಒರತೆ ನೀರು ತಿಳಿಯಾಗೇ ಇದೆಯಂತೆ.


ಮುಕ್ಕೋಡ್ಲು_ಈಗ_ಜಂಬೂರು · ಜೂನ್ 13, ಬೆಳಿಗ್ಗೆ 6:15

ನಾನು ಹೇಳ್ತೀನಿ. ಉದ್ದ ಆಗುತ್ತೆ, ಕ್ಷಮಿಸಿ.

ನಮ್ಮದು ಮುಕ್ಕೋಡ್ಲು ಕಡೆ. ಮನೆ ಅರ್ಧ ಉಳಿದಿತ್ತು, ನೆಲ್ಲಕ್ಕಿ ನಡುಬಾಡೆ (ತೂಗುದೀಪ ಇರೋ ನಡುಮನೆ) ಸರಿಯಾಗಿತ್ತು, ಅಡುಗೆ ಕೋಣೆ ಇರಲಿಲ್ಲ. ಅಡುಗೆಮನೆ ಬಾಗಿಲು ತೆಗೆದ್ರೆ ಸೀದಾ ಆಕಾಶ. ಆಮೇಲೆ ಜಂಬೂರು ಲೇಔಟಲ್ಲಿ ಮನೆ ಸಿಕ್ತು. ಸಾಮಾನು ಎಲ್ಲ ಸಾಗಿಸಿ ಆಯ್ತು, ಅಜ್ಜಿ ಮಾತ್ರ ತೂಗುದೀಪದ ಕೆಳಗೆ ಚಾಪೆ ಹಾಕ್ಕೊಂಡು ಕೂತ್ರು, ಎದ್ದೇಳಲ್ಲ. ಕೊನೆಗೆ ಒಕ್ಕದ (ಮನೆತನದ) ಹಿರಿಯ ಪಟ್ಟೆದಾರರನ್ನ ಕರ್ಕೊಂಡು ಬಂದ್ವಿ. ಅವರು ಹೇಳಿದ್ದು, ಕೈಮಡ (ಹಿರಿಯರ ಗುಡಿ) ಅಲ್ಲೇ ಇರಲಿ, ಅದು ಜಾಗದ್ದು, ವರ್ಷಕ್ಕೊಂದು ಸಲ ಬಂದು ಮೀದಿ (ಹಿರಿಯರಿಗೆ ಎಡೆ) ಇಟ್ಟು ಹೋಗಿ, ದೀಪ ಜನರದ್ದು, ಜನ ಎಲ್ಲಿದ್ದಾರೋ ಅಲ್ಲಿ ಹಚ್ಚಿ ಅಂತ. ಬೇರೆ ಒಕ್ಕದವರ ಪದ್ಧತಿ ಬೇರೆ ಇರಬಹುದು, ನಿಮ್ಮ ಹಿರಿಯರನ್ನ ಕೇಳಿ.

ಅಜ್ಜಿ ಒಪ್ಪಿದ್ರು, ಆದ್ರೆ ಒಂದು ಕಂಡಿಷನ್. ಹೊಸದಾಗಿ ಹಚ್ಚೋದಲ್ಲ, ಇದೇ ಬೆಂಕಿ ಹೋಗ್ಬೇಕು. ಸರಿ ಅಂತ ತೂಗುದೀಪದಿಂದ ಬತ್ತಿ ಹಚ್ಕೊಂಡು ಗಾಜಿನ ಲಾಟೀನಿಗೆ ಇಟ್ಟು ಪಿಕಪ್ಪಲ್ಲಿ ಹೊರಟ್ವಿ. ಅಜ್ಜಿ ಮುಂದೆ ಡ್ರೈವರ್ ಪಕ್ಕ, ತೊಡೆ ಮೇಲೆ ಲಾಟೀನು, ಎರಡೂ ಕೈಯಲ್ಲಿ ಹಿಡ್ಕೊಂಡು. ನಾವು ಹಿಂದೆ ಬೀರು, ಮಂಚ, ಎರಡು ಕೋಳಿ ಜೊತೆ. ರಸ್ತೆ ಗೊತ್ತಲ್ಲ, ಅರ್ಧ ರಸ್ತೆ, ಅರ್ಧ ಮಣ್ಣಿನ ಚೀಲ. ಹಟ್ಟಿಹೊಳೆ ದಾಟಿ ಒಂದು ಗುಂಡಿಗೆ ಚಕ್ರ ಇಳೀತು ನೋಡಿ, ಗಾಡಿ ಎಗರಿತು, ಲಾಟೀನು ಆರಿ ಹೋಯ್ತು.

ಡ್ರೈವರ್ ಗಾಡಿ ನಿಲ್ಲಿಸ್ದ. ಮಾತಿಲ್ಲ. ಅಪ್ಪ ಹಿಂದಿನಿಂದ ಇಳಿದು ಬಂದು ಕಿಟಕಿ ಹತ್ರ ನಿಂತ್ರು, ಅವರ ಮುಖ ನಂಗೆ ಇನ್ನೂ ಕಣ್ಣಿಗೆ ಕಟ್ಟಿದೆ, ಗುಡ್ಡ ಬಂದಾಗಲೂ ಆ ತರ ಆಗಿರಲಿಲ್ಲ. ವಾಪಸ್ ಹೋಗೋಣ ಅಂತ ಯಾರೂ ಹೇಳಲಿಲ್ಲ, ಮುಂದೆ ಹೋಗೋಣ ಅಂತಾನೂ ಹೇಳಲಿಲ್ಲ. ಕೋಳಿ ಒಂದೇ ಶಬ್ದ ಮಾಡ್ತಿದ್ದಿದ್ದು. ಅಜ್ಜಿ ಗಾಜಿನ ಒಳಗೆ ಹೊಗೆ ಸುತ್ತೋದನ್ನೇ ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ ಡ್ರೈವರ್ ಕಡೆ ತಿರುಗಿ, "ಬೀಡಿ ಸೇದ್ತೀಯಲ್ಲ, ಬೆಂಕಿಪೆಟ್ಟಿಗೆ ಕೊಡು" ಅಂದ್ರು.

ಅವನು ಕೊಟ್ಟ. ಅವನು ಮಲಯಾಳಿ, ಇದೆಲ್ಲ ಏನಂತ ಅವನಿಗೆ ಪೂರ್ತಿ ಗೊತ್ತಿರಲೂ ಇಲ್ಲ. ಮೂರನೇ ಕಡ್ಡಿಗೆ ಹತ್ಕೊಂತು, ಹೊರಟ್ವಿ. ಎಷ್ಟೋ ದಿನ ಆದ್ಮೇಲೆ ಧೈರ್ಯ ಮಾಡಿ ಕೇಳ್ದೆ, ಅಜ್ಜಿ, ಅದೇ ಬೆಂಕಿ ಹೋಗ್ಬೇಕು ಅಂದಿದ್ರಲ್ಲ ಅಂತ. "ಕಾರೋಣನೂ ಬೀಡಿ ಸೇದ್ತಿದ್ದೋನೇ, ಅವನಿಗೆ ಬೆಂಕಿಪೆಟ್ಟಿಗೆ ಗೊತ್ತಿಲ್ವಾ" ಅಂದ್ರು.

ಅಜ್ಜಿ ಈಗಿಲ್ಲ. ದೀಪ ಇದೆ, ಎರಡು ಬೆಡ್‌ರೂಮ್ ಮನೆ ಹಾಲಲ್ಲಿ, ಟಿವಿ ಪಕ್ಕ.


ನಾಸ್ತಿಕ_ನಲವತ್ತು · ಜೂನ್ 13, ಬೆಳಿಗ್ಗೆ 7:40

ನಿಮ್ಮಜ್ಜಿ ಜೊತೆ ನಾನು ವಾದ ಮಾಡ್ತಿರಲಿಲ್ಲ.


ಮಕ್ಕಂದೂರು_ಮಗ · ಜೂನ್ 13, ಬೆಳಿಗ್ಗೆ 9:00

ಇದನ್ನ ಅಮ್ಮನಿಗೆ ಫೋನಲ್ಲಿ ಓದಿ ಹೇಳ್ದೆ. ಬೆಂಕಿಪೆಟ್ಟಿಗೆ ಬಂದಾಗ ಆ ಕಡೆ ಸದ್ದಿಲ್ಲ, ಲೈನ್ ಕಟ್ ಆಯ್ತು ಅಂದ್ಕೊಂಡೆ. ಆಮೇಲೆ "ಅವರ ಮನೇಲಿ ಹೆಂಗಸರು ಯಾರಿದ್ದಾರೆ ಕೇಳು, ಮಾತಾಡ್ಬೇಕು" ಅಂದ್ರು. ಜಂಬೂರು ಅಣ್ಣ, ನಿಮ್ಮ ಅಮ್ಮ ಮಾತಾಡ್ತಾರಾ? ನಂಬರ್ ಇಲ್ಲಿ ಹಾಕ್ಬೇಡಿ, ಮೆಸೇಜ್ ಮಾಡಿ.


ದೇವರಕಾಡು_ಡೈರಿ · ಜೂನ್ 13, ಮಧ್ಯಾಹ್ನ 12:25

ಒಂದು ಮಾತು ಸೇರಿಸ್ತೀನಿ, ವಿಷಯ ಸ್ವಲ್ಪ ಆ ಕಡೆ ಹೋಗುತ್ತೆ. ಕೊಡಗಲ್ಲಿ ಲೆಕ್ಕಕ್ಕೆ 1214 ದೇವರಕಾಡುಗಳಿವೆ, ಸುಮಾರು 2550 ಹೆಕ್ಟೇರು. ಒಂದೊಂದು ಊರಿಗೂ ಒಂದು, ಅಯ್ಯಪ್ಪನದ್ದು, ಭಗವತಿದು. ಕೆಲವು ಅಯ್ಯಪ್ಪನ ಕಾಡಿಗೆ ಹೋದ್ರೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಸಾಲಾಗಿ ಕೂತಿರುತ್ತವೆ, ಹಳೇವು ಪಾಚಿ ಹಿಡಿದು ಕಿವಿ ಮುರಿದು, ಹೊಸವು ಕೆಂಪಗೆ. ಹಳಬರು ದೇವರ ಹತ್ರ ರಕ್ಷಣೆ ಕೇಳಿದ್ರು, ಜೊತೆಗೆ ಇಷ್ಟು ಜಾಗಕ್ಕೆ ಕೊಡಲಿ ಹಾಕಲ್ಲ ಅಂತ ಮಾತೂ ಕೊಟ್ರು. ನಾವು ಹರಕೆ ಮಾತ್ರ ಇಟ್ಕೊಂಡ್ವಿ, ಮಾತು ಬಿಟ್ವಿ. ಎಷ್ಟು ದೇವರಕಾಡು ಒಳಗೆ ಕಾಫಿ ಗಿಡ ನುಗ್ಗಿದೆ ಅಂತ ಸರ್ವೆ ಮಾಡೋರನ್ನ ಕೇಳಿ.


ಕಾಫಿತೋಟ_72 · ಜೂನ್ 13, ಮಧ್ಯಾಹ್ನ 1:10

ಇವತ್ತು ಎಲ್ಲಾರೂ ನಂಗೇ ಹೊಡೀತಿದೀರಿ.


ಮಕ್ಕಂದೂರು_ಮಗ · ಜೂನ್ 19, ರಾತ್ರಿ 9:55

ಅಪ್ಡೇಟ್. ಅಮ್ಮ ಬಂದ್ರು.

ಜಂಬೂರು ಅಣ್ಣನ ಅಮ್ಮ ಮತ್ತೆ ನಮ್ಮಮ್ಮ 50 ನಿಮಿಷ ಮಾತಾಡಿದಾರೆ. ದೇವರ ವಿಷಯ ಮಾತಾಡಿರ್ತಾರೆ ಅಂದ್ಕೊಂಡು ಆಮೇಲೆ ಕೇಳಿದ್ರೆ, ಮುಕ್ಕಾಲು ಪಾಲು ಹಸು ವಿಷಯ! "ನೀವು ಹಸುನ ಏನು ಮಾಡಿದ್ರಿ" ಅಂತ. ನಂಗೆ ನಾಚಿಕೆ ಆಯ್ತು. ಎರಡು ಹಸು, ಒಂದು ಗಬ್ಬ ಆಗಿದೆ, ಮೂರು ತಿಂಗಳು ಯಾರು ನೋಡ್ಕೋತಾರೆ ಅಂತ ಅಮ್ಮನಿಗೆ ಚಿಂತೆ, ನಾನು ಒಂದು ಸಲನೂ ಕೇಳಿರಲಿಲ್ಲ, ನಂಬಿಕೆ ಬಗ್ಗೆ ಲೆಕ್ಚರ್ ಕೊಡ್ತಾ ಕೂತಿದ್ದೆ. ಹಾಗಂತ ಕಾರೋಣ ಬರೀ ನೆಪ ಅಂತಲ್ಲ. ಎರಡೂ ನಿಜ. ಹಸು ಈಗ ಮಾದಾಪುರದಲ್ಲಿ ಚಿಕ್ಕಪ್ಪನ ಕೊಟ್ಟಿಗೇಲಿದೆ.

ನಮ್ಮ ಒಕ್ಕದ ಹಿರಿಯರನ್ನ ಕೇಳಿದ್ವಿ, ಅವರೂ ಹೆಚ್ಚು ಕಮ್ಮಿ ಅದೇ ಹೇಳಿದ್ರು. ಅಮ್ಮ ಬೆಂಕಿ ತರೋ ರಿಸ್ಕ್ ತಗೊಳ್ಳಲಿಲ್ಲ. ಅಲ್ಲಿ ಕೈ ಮುಗಿದು, "ಮಳೆ ನಿಂತ ಮೇಲೆ ಬರ್ತೀನಿ, ಅಲ್ಲೀವರೆಗೂ ಅಲ್ಲಿಗೇ ಬನ್ನಿ" ಅಂತ ಹೇಳಿ, ಬಾಗಿಲು ಹಾಕಿ, ಇಲ್ಲಿ ಬಂದು ಹಚ್ಚಿದ್ರು. ಸೀರೆ ಎರಡೇ ತಂದಿರೋದು. ಬ್ಯಾಗ್ ತೆಗೆದು ನೋಡಿದ್ರೆ ಟವಲಲ್ಲಿ ಸುತ್ತಿರೋದು ಅಪ್ಪನ ರೈನ್ ಗೇಜು, ತಾಮ್ರದ ಫನಲ್ಲು, ಅಳತೆ ಗ್ಲಾಸು, ಡೈರಿ.

ಈಗ ದಿನಾ ಬೆಳಿಗ್ಗೆ ದೀಪ ಹಚ್ಚಿ ಟೆರೇಸಿಗೆ ಹೋಗಿ ಅಳತೆ ನೋಡಿ ಅಲ್ಲೇ ಉಳಿದಿರೋ ದೊಡ್ಡಮ್ಮನ ಮಗನಿಗೆ ಫೋನ್ ಮಾಡ್ತಾರೆ. ಇವತ್ತು ಸ್ಪೀಕರಲ್ಲಿ ಕೇಳಿಸ್ಕೊಂಡೆ (ನೂರು ಸೆಂಟ್ ಅಂದ್ರೆ ಒಂದು ಇಂಚು). "ಇಲ್ಲಿ ನಲವತ್ತು ಸೆಂಟ್. ಅಲ್ಲಿ?" "ನಾಲ್ಕು ಇಂಚು ಹತ್ತು ಚಿಕ್ಕಮ್ಮ." "ಒರತೆ?" "ತಿಳಿ ಉಂಟು." "ಸರಿ, ಸಂಜೆ ಮತ್ತೆ ನೋಡಿ ಹೇಳು, ಕೆಂಪಾದ್ರೆ ಇಲ್ಲಿಗೆ ಬಾ." ಫೋನ್ ಇಟ್ಟು ಒಳಗೆ ಹೋಗಿ ಇನ್ನೊಂದು ಸಲ ದೀಪಕ್ಕೆ ಎಣ್ಣೆ ಹಾಕಿದ್ರು.

ಒಂದೇ ಸಮಸ್ಯೆ, ದಾರಿಯಲ್ಲಿ ಅಳತೆ ಗ್ಲಾಸ್ ಬಿರುಕು ಬಿಟ್ಟಿದೆ, 2 ಇಂಚಿನ ಗೆರೆ ಹತ್ರ. ಕುಶಾಲನಗರದಲ್ಲಿ ಎಲ್ಲಿ ಸಿಗುತ್ತೆ?


ಕಾಫಿತೋಟ_72 · ಜೂನ್ 19, ರಾತ್ರಿ 10:04

ನನ್ನ ಹತ್ರ ಎಕ್ಸ್‌ಟ್ರಾ ಒಂದು ಉಂಟು, ಅಪ್ಪನದ್ದು. ಶನಿವಾರ ಕುಶಾಲನಗರಕ್ಕೆ ಬರ್ತೀನಿ. ನಿಮ್ಮ ಫನಲ್ ಎಷ್ಟು ಇಂಚು ಅಗಲ ಅಂತ ಅಳೆದು ಹೇಳು, ಅದು ಹೊಂದದಿದ್ರೆ ಲೆಕ್ಕ ಎಲ್ಲ ತಪ್ಪುತ್ತೆ.